ಮೂರು ಸಲ ವಿಷಲ್ ಕೇಳಿಸಿದರೆ ಓಡಿ ಬನ್ನಿ: ಕೋಲಾರ ಜಿಲ್ಲೆಯ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಕೋಲಾರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒಗಳಿಗೆ, ಮತ್ತೆ ಇದನ್ನು ಓದುತ್ತಿರುವ ನಮ್ಮ ಕಡೆಯ ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಕೇಳುತ್ತಿರುವುದು ಎರಡು. ಮೊದಲನೆಯದು, ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಪ್ರತಿ ಮಗುವಿಗೂ, ರಾತ್ರಿ ಹೊಲಕ್ಕೆ ಹೋಗುವ ಪ್ರತಿ ರೈತರಿಗೂ, ಮನೆಯಲ್ಲಿ ಒಂಟಿಯಾಗಿರುವ ಪ್ರತಿ ಅಜ್ಜ ಅಜ್ಜಿಗೂ ಒಂದು ಜೋರಾದ ವಿಷಲ್ ಸಿಗಬೇಕು. ಎರಡನೆಯದು ಇದಕ್ಕಿಂತ ಮುಖ್ಯ, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮೂರು ಸಲ ಉದ್ದಕ್ಕೆ ವಿಷಲ್ ಕೇಳಿಸಿದರೆ ಯಾರೋ ಅಪಾಯದಲ್ಲಿದ್ದಾರೆ ಅಂತ ಅರ್ಥ, ಕೇಳಿಸಿಕೊಂಡವರು ಕೈಲಿರುವ ಕೆಲಸ ಬಿಟ್ಟು ಹೋಗಬೇಕು ಅಂತ ಪ್ರತಿ ಊರಿನ ಗ್ರಾಮಸಭೆಯಲ್ಲೂ ತೀರ್ಮಾನ ಆಗಬೇಕು.

ಇದೇನು ದೊಡ್ಡ ವಿಷಯ, ಎಲ್ಲರ ಕೈಲೂ ಫೋನ್ ಇದೆಯಲ್ಲ ಅಂತ ಅನೇಕರು ಕೇಳುತ್ತಾರೆ. ಫೋನ್ ಇರಲಿ. 112ಕ್ಕೆ ಕರೆ ಮಾಡಲೇಬೇಕು, ಪೊಲೀಸ್, ಆಂಬ್ಯುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೊಂದೇ ನಂಬರ್ ಸಾಕು. ಆದರೆ ಫೋನಿಗೆ ಚಾರ್ಜ್ ಬೇಕು, ಸಿಗ್ನಲ್ ಬೇಕು, ನಂಬರ್ ಒತ್ತುವಷ್ಟು ಕೈ ಆಡಬೇಕು, ಎಲ್ಲಿದ್ದೀನಿ ಅಂತ ಹೇಳೋಕೆ ಬಾಯಿ ಬರಬೇಕು. ಹೊಲದ ಮಧ್ಯೆ ಬಿದ್ದವರು ಯಾವ ವಿಳಾಸ ಹೇಳುತ್ತಾರೆ? ಸರ್ವೆ ನಂಬರ್ ಹೇಳಬೇಕಾ? ಗಾಡಿ ಬರೋದು ಕೋಲಾರದಿಂದಲೋ ಮಾಲೂರಿಂದಲೋ. ಪಕ್ಕದ ಹೊಲದವರು ಎರಡು ಬದು ದಾಟಿದರೆ ಸಿಕ್ಕಿಬಿಡುತ್ತಾರೆ. ಅವರನ್ನು ಕರೆಯೋಕೆ ವಿಷಲ್, ದೂರದವರನ್ನು ಕರೆಯೋಕೆ ಫೋನ್. ಎರಡೂ ಬೇಕು.

ರಾತ್ರಿ ಹೊಲದ ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತ್ರೀ ಫೇಸ್ ಕರೆಂಟ್ ಯಾವಾಗ ಕೊಡುತ್ತಾರೋ ಆವಾಗ ಎದ್ದು ಹೋಗಬೇಕು, ಮೋಟಾರ್ ಆನ್ ಮಾಡಬೇಕು, ಗೇಟ್ ವಾಲ್ವ್ ತಿರುಗಿಸಬೇಕು. ಟೊಮೆಟೊ ಸಾಲಿನ ಮಧ್ಯೆ ಒಬ್ಬರೇ, ಕೈಯಲ್ಲಿ ಒಂದು ಟಾರ್ಚ್. ಆ ಹೊತ್ತಲ್ಲಿ ಹಾವು ಕಚ್ಚಿದರೆ? ಹಾವು ಕಚ್ಚಿದಾಗ ನಡೆಯಬಾರದು, ಓಡಲಂತೂ ಬಾರದು, ಕಾಲು ಆಡಿಸಿದಷ್ಟೂ ವಿಷ ಬೇಗ ಏರುತ್ತದೆ ಅಂತ ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ. ಬಿಗಿಯಾಗಿ ಹಗ್ಗ ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಅಲ್ಲಾಡದೆ ಇದ್ದು ಆದಷ್ಟು ಬೇಗ ಆಸ್ಪತ್ರೆ ಸೇರಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯಗಳ ಪಟ್ಟಿಗೆ ಸೇರಿಸಿತು, ಒಳ್ಳೆಯ ಕೆಲಸ. ಆದರೆ ಅಲ್ಲಾಡದೆ ಕೂತವರನ್ನು ಆಸ್ಪತ್ರೆಗೆ ಹೊತ್ತು ತರೋಕೆ ಯಾರಾದರೂ ಅಲ್ಲಿಗೆ ಬರಬೇಕಲ್ವಾ? ಕೂತಲ್ಲೇ ಕೂತು ಜನರನ್ನು ಕರೆಯೋಕೆ ಇರುವ ಸುಲಭದ ಸಾಧನ ವಿಷಲ್. ಕೂಗಿ ಕೂಗಿ ಎದೆ ಬಡಿತ ಜಾಸ್ತಿ ಮಾಡಿಕೊಳ್ಳೋದೂ ತಪ್ಪುತ್ತದೆ. ಟಾರ್ಚಿನ ದಾರಕ್ಕೇ ಒಂದು ವಿಷಲ್ ಕಟ್ಟಿಟ್ಟರೆ ಮರೆತು ಹೋಗುವ ಮಾತೇ ಇಲ್ಲ.

ಈಗ ನನ್ನ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. ಕೃಷಿ ಹೊಂಡ, ಅಂದರೆ ಮಳೆ ನೀರು ಹಿಡಿದಿಡೋಕೆ ಹೊಲದಲ್ಲಿ ತೋಡಿದ ದೊಡ್ಡ ಗುಂಡಿ.

2014ರಲ್ಲಿ ಹೊಂಡ ತೋಡೋಕೆ ಸಹಾಯಧನ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಎಲ್ಲಿ ನೋಡಿದರೂ ಹೊಂಡ. ರೈತರಿಗೆ ಅದರಿಂದ ಆದ ಉಪಕಾರ ದೊಡ್ಡದು, ನಮಗೂ ಆಗಿದೆ, ಹೊಂಡ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಅದರ ಅಂಚಿನಲ್ಲಿ ಒಂದು ಸಲ ಕೂತು ನೋಡಿ. ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಹಾಳೆ ಇಳಿಜಾರಾಗಿ ನೀರಿನೊಳಗೆ ಇಳಿದಿರುತ್ತದೆ. ನೀರು ಮುಟ್ಟುವ ಕಡೆ ಹಸಿರು ಪಾಚಿ. ಬೆರಳು ಇಟ್ಟರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಹಿಡಿದುಕೊಳ್ಳೋಕೆ ಒಂದು ಕಲ್ಲಿಲ್ಲ, ಬೇರಿಲ್ಲ, ಮೆಟ್ಟಿಲಿಲ್ಲ. ಈಜು ಬರುವ ದೊಡ್ಡವರೇ ಮೇಲೆ ಹತ್ತೋಕಾಗದೆ ಒದ್ದಾಡುತ್ತಾರೆ. ಇನ್ನು ಚೆಂಡು ತರೋಕೆ, ಕೈ ತೊಳೆಯೋಕೆ, ಕುರಿಗೆ ನೀರು ಕುಡಿಸೋಕೆ ಇಳಿದ ಮಗು ಏನು ಮಾಡುತ್ತದೆ?

ಕೆರೆಗಳದ್ದೂ ಇದೇ ಕಥೆ. ಒಂದು ತಲೆಮಾರಿನ ಮಕ್ಕಳು ಕೋಲಾರದಲ್ಲಿ ತುಂಬಿದ ಕೆರೆಯನ್ನೇ ನೋಡದೆ ಬೆಳೆದರು, ಒಣಗಿದ ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡಿಕೊಂಡು ದೊಡ್ಡವರಾದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಹೋಯಿತು, 2021ರ ಮಳೆಗೆ ಎಷ್ಟೋ ವರ್ಷಗಳಿಂದ ಕೋಡಿ ಹರಿಯದ ಕೆರೆಗಳೂ ಕೋಡಿ ಹರಿದವು. ನೀರು ಬಂತು, ಈಜು ಬರಲಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಬಾವಿಯಲ್ಲಿ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು, ಬಾವಿಗಳು ಬತ್ತಿದ ಮೇಲೆ ಆ ಕಲಿಕೆಯೂ ನಿಂತು ಹೋಯಿತು. ಈಜು ಕಲಿಸುವ ಬಗ್ಗೆ ಬೇರೆಯೇ ಪತ್ರ ಬರೆಯಬೇಕು, ಅದು ಇನ್ನೂ ದೊಡ್ಡ ಕೆಲಸ.

ಮುಳುಗುವ ಮಗು ಕೂಗೋದಿಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಉಸಿರಾಡೋಕೇ ಬಾಯಿ ಸಾಲದೆ ಇರುವಾಗ ಕೂಗು ಎಲ್ಲಿಂದ ಬರಬೇಕು, ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದು ಹೋಗುತ್ತದೆ. ಹಾಗಾಗಿ ವಿಷಲ್ ಇರಬೇಕಾದ್ದು ದಡದಲ್ಲಿ ನಿಂತ ಮಗುವಿನ ಕೈಯಲ್ಲಿ. ಅದಕ್ಕೆ ಗೊತ್ತಿರುವುದು ಎರಡೇ ದಾರಿ. ಒಂದು, ತಾನೂ ನೀರಿಗೆ ಇಳಿಯೋದು, ಆಗ ಒಂದು ಸಾವು ಎರಡಾಗುತ್ತದೆ. ಇನ್ನೊಂದು, ಊರಿನ ಕಡೆ ಓಡೋದು. ಓಡಿ ಹೋಗಿ ಏದುಸಿರು ಬಿಡುತ್ತಾ ಹೇಳಿ ಜನರನ್ನು ಕರೆದುಕೊಂಡು ಬರುವ ಹೊತ್ತಿಗೆ ಹೊತ್ತು ಮೀರಿರುತ್ತದೆ, ಎಲ್ಲಿ ಮುಳುಗಿದ್ದು ಅಂತ ತೋರಿಸೋಕೂ ಆಗಲ್ಲ. ವಿಷಲ್ ಇದ್ದರೆ ಆ ಮಗು ಜಾಗ ಬಿಟ್ಟು ಕದಲಬೇಕಾಗಿಲ್ಲ. ನೀರಿನ ಮೇಲೆ ಕಣ್ಣಿಟ್ಟು ನಿಂತು ಊದಿದರೆ ಸಾಕು. ಕೈಗೆ ಸಿಕ್ಕ ಹಗ್ಗ, ಸೀರೆ, ಖಾಲಿ ಕ್ಯಾನ್ ಏನಾದರೂ ನೀರಿಗೆ ಎಸೆಯಬಹುದು.

ಹಾಗಾಗಿ ಪ್ರತಿ ಕೃಷಿ ಹೊಂಡದ ಪಕ್ಕ ಒಂದು ಕಂಬ ನೆಡಿಸಿ. ಅದಕ್ಕೆ ಗಂಟು ಹಾಕಿದ ಉದ್ದನೆಯ ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬ್, ಒಂದು ವಿಷಲ್ ಕಟ್ಟಿಸಿ. ಬೇಲಿ ಹಾಕಿಸೋದು ಮೊದಲ ಕೆಲಸ, ಅದನ್ನು ಯಾರೂ ಮರೆಯಬಾರದು. ಬೇಲಿ ಹಾಕುವವರೆಗೆ, ಹಾಕಿದ ಮೇಲೂ, ಈ ಕಂಬ ಇರಲಿ.

ಕೂಗಿದರೆ ಸಾಕು, ಅದಕ್ಕೊಂದು ವಿಷಲ್ ಯಾಕೆ ಅನ್ನುವವರು ಒಂದು ಸಲ ಹೊಲದಲ್ಲಿ ಪರೀಕ್ಷೆ ಮಾಡಿ. ಮೋಟಾರ್ ಓಡುತ್ತಿರುವಾಗ, ಆಚೆ ಬದುವಿನಲ್ಲಿ ಟ್ರ್ಯಾಕ್ಟರ್ ಉಳುತ್ತಿರುವಾಗ, ನಾನು ತಮ್ಮನ ಹೆಸರು ಹಿಡಿದು ಎಷ್ಟು ಕೂಗಿದರೂ ಅವನು ತಲೆ ಎತ್ತಲಿಲ್ಲ. ವಿಷಲ್ ಊದಿದೆ, ತಕ್ಷಣ ತಿರುಗಿ ನೋಡಿದ. ಇದರ ಹಿಂದೆ ಕಾರಣ ಇದೆ. ಟ್ರ್ಯಾಕ್ಟರು, ಮೋಟಾರು, ಲಾರಿ ಇವುಗಳದ್ದು ಹೆಚ್ಚಾಗಿ ತಗ್ಗು ದನಿಯ ಗದ್ದಲ. ವಿಷಲ್ ದನಿ ಬಹುಮಟ್ಟಿಗೆ 2,000ದಿಂದ 4,000 ಹರ್ಟ್ಸ್ ನಡುವಿನ ಕೀರಲು ದನಿ, ಮನುಷ್ಯರ ಕಿವಿ ತುಂಬಾ ಚುರುಕಾಗಿರುವುದೂ ಹೆಚ್ಚು ಕಡಿಮೆ ಅಲ್ಲೇ. ಒಳ್ಳೆಯ ವಿಷಲ್ ಹತ್ತಿರದಲ್ಲಿ 110ರಿಂದ 120 ಡೆಸಿಬಲ್ ಸದ್ದು ಮಾಡುತ್ತದೆ, ನಾವು ಮಾತಾಡುವುದು 60ರ ಆಸುಪಾಸಿನಲ್ಲಿ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಗಾಳಿ ಎದುರಾಗಿದ್ದರೆ, ನೀಲಗಿರಿ ತೋಪು ಅಡ್ಡ ಇದ್ದರೆ ಇನ್ನೂ ಕಮ್ಮಿ. ಹಾಗಿದ್ದರೂ ಕೂಗಿಗಿಂತ ಎಷ್ಟೋ ದೂರ ಹೋಗುತ್ತದೆ. ಗಂಟಲು ಕೆಲವೇ ನಿಮಿಷದಲ್ಲಿ ಒಡೆದು ಹೋಗುತ್ತದೆ, ವಿಷಲ್ ಊದೋಕೆ ಬೇಕಾದ್ದು ಉಸಿರು ಮಾತ್ರ, ಅದನ್ನು ಗಂಟೆಗಟ್ಟಲೆ ಊದಬಹುದು. ವಿಮಾನದ ಲೈಫ್ ಜಾಕೆಟ್‌ಗೂ, ಹಡಗಿನ ಲೈಫ್ ಜಾಕೆಟ್‌ಗೂ ವಿಷಲ್ ಕಟ್ಟಿರುವುದು ಇದಕ್ಕೇ. ಕಟ್ಟಡ ಕುಸಿದು ಅವಶೇಷದಡಿ ಸಿಕ್ಕಿದವರಿಗೂ ಕೂಗಬೇಡಿ, ಧೂಳು ಒಳಗೆ ಹೋಗುತ್ತದೆ, ವಿಷಲ್ ಊದಿ ಅಥವಾ ಪೈಪು ಗೋಡೆ ಬಡಿಯಿರಿ ಅಂತಲೇ ವಿಪತ್ತು ನಿರ್ವಹಣೆಯವರು ಹೇಳುವುದು.

ಯಾವ ವಿಷಲ್ ಅನ್ನೋದು ಮುಖ್ಯ. ದಯವಿಟ್ಟು ಟೆಂಡರ್ ಕರೆದು ಜಾತ್ರೆಯಲ್ಲಿ ಸಿಗುವ ಆಟಿಕೆ ಪೀಪಿ ಹಂಚಬೇಡಿ. ಪಿಟಿ ಮೇಷ್ಟ್ರ ಹತ್ತಿರ ಇರುವ ಹಳೇ ವಿಷಲ್ ಒಳಗೆ ಒಂದು ಸಣ್ಣ ಗೋಲಿ ಇರುತ್ತದೆ, ಅದು ತಿರುಗಿದಾಗ ಆ ಗುರ್ ಅನ್ನುವ ದನಿ ಬರುತ್ತದೆ. ಒಣಗಿದ್ದಾಗ ಚೆನ್ನಾಗಿಯೇ ಊದುತ್ತದೆ. ಬಕೆಟ್ ನೀರಿನಲ್ಲಿ ಅದ್ದಿ, ಸ್ವಲ್ಪ ಮಣ್ಣು ಮೆತ್ತಿ ಊದಿ ನೋಡಿ. ಗೋಲಿ ಒಳಗೇ ಕಚ್ಚಿಕೊಂಡು ಬರೀ ಉಸ್ ಅನ್ನುತ್ತದೆ. ನಮಗೆ ಬೇಕಾಗಿರುವುದೇ ಮಳೆಯಲ್ಲಿ, ಕೆಸರಲ್ಲಿ, ನೀರಿನ ಪಕ್ಕದಲ್ಲಿ. ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ಒಂದು ದೊಡ್ಡ ಪಂದ್ಯದ ಮಧ್ಯೆ ಗೋಲಿ ಸಿಕ್ಕಿಕೊಂಡು ವಿಷಲ್ ಊದಲೇ ಇಲ್ಲ. ಅವರು ಹಟ ಹಿಡಿದು ಗೋಲಿಯೇ ಇಲ್ಲದ ವಿಷಲ್ ಮಾಡಿಸಿ 1987ರಲ್ಲಿ ಮಾರುಕಟ್ಟೆಗೆ ತಂದರು, ಅದೇ ಫಾಕ್ಸ್ 40. ಈಗ ಅದೇ ಬಗೆಯ, ಗೋಲಿ ಇಲ್ಲದ ವಿಷಲ್‌ಗಳನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತವೆ. ನೀರಲ್ಲಿ ಅದ್ದಿ ತೆಗೆದು ಒಂದು ಸಲ ಜಾಡಿಸಿದರೆ ಸಾಕು, ಊದುತ್ತದೆ. ಕೊಳ್ಳುವ ಮೊದಲು ಅಂಗಡಿಯವರ ಮುಂದೆಯೇ ಈ ಪರೀಕ್ಷೆ ಮಾಡಿ ಅಂತ ನನ್ನ ಕೋರಿಕೆ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ, ಹುಲ್ಲಲ್ಲಿ ಬಿದ್ದರೆ ಕಾಣಬೇಕು. ಮಕ್ಕಳ ಕತ್ತಿಗೆ ಗಟ್ಟಿ ದಾರದಲ್ಲಿ ಹಾಕಬೇಡಿ, ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಎಳೆದರೆ ಬಿಚ್ಚಿಕೊಳ್ಳುವ ದಾರ ಇರಲಿ, ಇಲ್ಲವೇ ಸ್ಕೂಲ್ ಬ್ಯಾಗಿನ ಪಟ್ಟಿಗೆ ಕಟ್ಟಿ.

ಮೂರೇ ಯಾಕೆ? ಬಸ್ಸಲ್ಲಿ ಕಂಡಕ್ಟರ್ ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ಶಾಲೆಯಲ್ಲಿ, ಟ್ರಾಫಿಕ್‌ನಲ್ಲಿ, ಕಸದ ಗಾಡಿಯವರು ಬಂದಾಗ ಊದುವುದೆಲ್ಲ ಒಂದೋ ಎರಡೋ ಚಿಕ್ಕ ಚಿಕ್ಕ ಊದು. ಉದ್ದುದ್ದಕ್ಕೆ ಮೂರು ಸಲ ಯಾರೂ ಊದಲ್ಲ. ಒಂದೊಂದು ಸಲ ಮೂರು ಸೆಕೆಂಡಿನಷ್ಟು ಊದಬೇಕು, ಆಮೇಲೆ ನಿಲ್ಲಿಸಿ ಕಿವಿಗೊಟ್ಟು ಕೇಳಬೇಕು, ಮತ್ತೆ ಮೂರು. ಯುರೋಪಿನ ಬೆಟ್ಟಗಳಲ್ಲಿ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವ ಪದ್ಧತಿ ಇದೆ, ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಅಮೆರಿಕದ ಕಡೆ ಅಪಾಯಕ್ಕೆ ಮೂರೇ. ನಮ್ಮ ಮಕ್ಕಳಿಗೆ, ಅಜ್ಜಿಯರಿಗೆ ಗಾಬರಿಯಲ್ಲಿ ನೆನಪಿರುವುದು ಮೂರು, ಅದನ್ನೇ ಇಟ್ಟುಕೊಳ್ಳೋಣ. ಕೇಳಿಸಿಕೊಂಡವರ ಹತ್ತಿರ ವಿಷಲ್ ಇದ್ದರೆ ಒಂದು ಸಲ ಉದ್ದಕ್ಕೆ ಊದಿ 'ಬರ್ತಿದ್ದೀನಿ' ಅಂತ ತಿಳಿಸಲಿ. ಆ ಒಂದು ಊದಿನಿಂದ ಸಿಕ್ಕಿಹಾಕಿಕೊಂಡವರಿಗೆ ಬರುವ ಧೈರ್ಯ ಎಷ್ಟು ಅಂತ ಯೋಚಿಸಿ.

ಬೆಟ್ಟದ ವಿಷಯವೂ ಹೇಳಿಬಿಡುತ್ತೇನೆ. ಅಂತರಗಂಗೆ ಬೆಟ್ಟದ ಗುಹೆಗಳಿಗೆ ಭಾನುವಾರ ಬಂತೆಂದರೆ ಬೆಂಗಳೂರಿನ ಹುಡುಗರು ಗುಂಪು ಗುಂಪಾಗಿ ಬರುತ್ತಾರೆ. ಬಂಡೆ ಸಂದಿಯಲ್ಲಿ ತೆವಳಿಕೊಂಡು ಹೋಗುವ ಜಾಗ ಅದು. ಒಬ್ಬರು ಹಿಂದೆ ಉಳಿದರೆ, ಕಾಲು ಉಳುಕಿದರೆ, ಕೂಗಿದ ದನಿ ಬಂಡೆಗೆ ಬಡಿದು ಯಾವ ಕಡೆಯಿಂದ ಬಂತೆಂದೇ ಗೊತ್ತಾಗಲ್ಲ. ವಿಷಲ್ ದನಿಯೂ ಬಂಡೆಗಳ ಮಧ್ಯೆ ಪ್ರತಿಧ್ವನಿ ಕೊಡುತ್ತದೆ, ಅದಕ್ಕೇ ಊದಿದವರು ಇದ್ದ ಜಾಗ ಬಿಟ್ಟು ಅಲ್ಲಾಡಬಾರದು, ಬಿಟ್ಟು ಬಿಟ್ಟು ಊದುತ್ತಿರಬೇಕು, ಹುಡುಕುವವರು ನಿಂತು ನಿಂತು ಕೇಳಬೇಕು. 2022ರ ಫೆಬ್ರವರಿಯಲ್ಲಿ ಪಕ್ಕದ ನಂದಿ ಬೆಟ್ಟದಲ್ಲಿ ಬ್ರಹ್ಮಗಿರಿ ಬಂಡೆಯಿಂದ ಸುಮಾರು 300 ಅಡಿ ಕೆಳಗೆ ಜಾರಿ ಸಿಕ್ಕಿಕೊಂಡ 19 ವರ್ಷದ ಹುಡುಗನನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿಕೊಂಡು ಬಂತು. ಅವನ ಫೋನ್ ಕೆಲಸ ಮಾಡುತ್ತಿತ್ತು, ಇರುವ ಜಾಗ ತಿಳಿಸೋಕೆ ಆಯಿತು. ಫೋನ್ ಒಡೆದು ಹೋಗಿದ್ದರೆ? ಅರಣ್ಯ ಇಲಾಖೆಯವರು ಟಿಕೆಟ್ ನೋಡುವಾಗಲೇ ಗುಂಪಿನಲ್ಲಿ ವಿಷಲ್ ಇದೆಯಾ ಅಂತ ಕೇಳಲಿ. ಇನ್ನೊಂದು ಮಾತು, ಟ್ರೆಕ್ಕಿಂಗ್ ಬ್ಯಾಗುಗಳಲ್ಲಿ ಎದೆ ಮೇಲೆ ಹಾಕುವ ಪಟ್ಟಿಯ ಬಕಲ್‌ನಲ್ಲೇ ಎಷ್ಟೋ ಸಲ ಪುಟ್ಟ ವಿಷಲ್ ಇರುತ್ತದೆ, ಬ್ಯಾಗ್ ಹೊತ್ತವರಿಗೇ ಗೊತ್ತಿರಲ್ಲ. ತೆಗೆದು ನೋಡಿ.

ಮನೆಯೊಳಗಿನ ಅಪಾಯ ಯಾರ ಕಣ್ಣಿಗೂ ಬೀಳಲ್ಲ. ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ಊರಲ್ಲಿ, ಇದು ನಮ್ಮ ಪ್ರತಿ ಬೀದಿಯ ಸ್ಥಿತಿ. ನಮ್ಮ ಬೀದಿಯಲ್ಲೇ ಒಬ್ಬರು ಅಜ್ಜಿ ಬಚ್ಚಲು ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಒಳಗಿಂದ ಚಿಲಕ ಹಾಕಿತ್ತು, ಫೋನ್ ಹಜಾರದಲ್ಲಿ ಟಿವಿ ಪಕ್ಕ ಇತ್ತು, ಹಾಲು ಹಾಕೋಕೆ ಬಂದವರು ಬಾಗಿಲು ತಟ್ಟುವವರೆಗೆ ಹಾಗೇ ಬಿದ್ದಿದ್ದರು. ಈಗ ಅವರ ಬಚ್ಚಲಲ್ಲಿ ಒಂದು ವಿಷಲ್ ನೇತಾಡುತ್ತಿದೆ, ಮೊಳಕಾಲಿನ ಎತ್ತರದಲ್ಲಿ. ಈ ಎತ್ತರ ತುಂಬಾ ಮುಖ್ಯ. ಗೋಡೆಯ ಮೇಲುಗಡೆ ಮೊಳೆಗೆ ಹಾಕಿದರೆ ಬಿದ್ದವರ ಕೈಗೆ ಎಟುಕಲ್ಲ. ಮಂಚದ ಕಾಲಿಗೆ ಒಂದು, ಬಚ್ಚಲಿಗೆ ಒಂದು. ಪಾರ್ಶ್ವವಾಯು ಆಗಿ ತುಟಿ ಬಿಗಿಯಲು ಆಗದವರಿಗೆ ಮಾತ್ರ ವಿಷಲ್ ಪ್ರಯೋಜನವಿಲ್ಲ, ಅವರಿಗೆ ಕೈಗೆ ಸಿಗುವ ಹಾಗೆ ಕರೆಗಂಟೆ ಹಾಕಿಸಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುವಾಗ ಇದನ್ನು ನೋಡಿ ಹೇಳಬಹುದು, ಆದರೆ ಅವರ ಮೇಲೆ ಇರುವ ಕೆಲಸವೇ ಜಾಸ್ತಿ, ಇದಕ್ಕೆ ಪ್ರತ್ಯೇಕವಾಗಿ ಗೌರವಧನ ಕೊಡಿ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳಿಗೆ ಶಿಫ್ಟ್ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ರಾತ್ರಿ ಕ್ರಾಸ್‌ನಲ್ಲಿ ಇಳಿದು ಊರೊಳಗೆ ನಡೆದು ಬರುತ್ತಾರೆ. ಅವರ ಕೈಗೂ ವಿಷಲ್ ಬೇಕು. ಅದು ಯಾರನ್ನೂ ಹೊಡೆಯಲ್ಲ, ಆದರೆ ನಾಲ್ಕು ಮನೆಯ ಬಾಗಿಲು ತೆರೆಸುತ್ತದೆ, ಕೆಟ್ಟ ಕೆಲಸಕ್ಕೆ ಬಂದವನಿಗೆ ಬೇಡವಾದದ್ದೇ ಅದು. ಹಾಗಂತ ವಿಷಲ್ ಕೊಟ್ಟಾಯಿತು ಅಂತ ಕ್ರಾಸ್‌ನಿಂದ ಊರಿನವರೆಗೆ ಬೀದಿ ದೀಪ ಹಾಕಿಸೋದನ್ನು ಬಿಡಬೇಡಿ. ದೀಪ ನಿಮ್ಮ ಹೊಣೆ.

ದಿನನಿತ್ಯದ ಕೆಲಸಕ್ಕೂ ವಿಷಲ್ ಬರುತ್ತದೆ. ತೋಟದ ಆ ತುದಿಯಲ್ಲಿ ಟೊಮೆಟೊ ಕೀಳುತ್ತಿರುವವರನ್ನು ಟೀಗೆ ಕರೆಯೋಕೆ, ಎಪಿಎಂಸಿಯಲ್ಲಿ ಲಾರಿ ಹಿಂದಕ್ಕೆ ತೆಗೆಸೋಕೆ, ಪ್ರವಾಸಕ್ಕೆ ಹೋದಾಗ ಮಕ್ಕಳನ್ನು ಒಟ್ಟು ಸೇರಿಸೋಕೆ, ತೆನೆ ಮೇಲೆ ಕೂತ ಗಿಳಿ ಓಡಿಸೋಕೆ. ಇದಕ್ಕೆಲ್ಲ ಚಿಕ್ಕದಾಗಿ ಒಂದೋ ಎರಡೋ ಊದಿ. ಮೂರು ಉದ್ದದ ಊದನ್ನು ಮುಟ್ಟಬೇಡಿ. ಸುಮ್ನೆ ಊದಿದವರಿಗೆ ಮೊದಲ ಸಲ ತಿಳಿಹೇಳಿ, ಮಕ್ಕಳಾದರೆ ಮೇಷ್ಟ್ರು ಕೂರಿಸಿಕೊಂಡು ಹೇಳಲಿ. ಬೈದು ವಿಷಲ್ ಕಿತ್ತುಕೊಳ್ಳಬೇಡಿ, ಹಾಗೆ ಮಾಡಿದರೆ ನಿಜವಾಗಿ ಬೇಕಾದಾಗ ಊದೋಕೆ ಹೆದರುತ್ತಾರೆ.

ಕೆಲವು ಎಚ್ಚರಿಕೆ. ಬಂಗಾರಪೇಟೆ, ಕಾಮಸಮುದ್ರದ ಕಡೆ ತಮಿಳುನಾಡಿನ ಕಾಡಿನಿಂದ ಆನೆ ಬರುತ್ತವೆ. ಆನೆ ಎದುರಿಗೆ ಇದ್ದಾಗ ವಿಷಲ್ ಊದಿ ಕೆಣಕಬೇಡಿ, ಸದ್ದಿಲ್ಲದೆ ದೂರ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ನಾಯಿಗಳೂ ಅಷ್ಟೇ, ಕೆಲವು ಬೆದರಿ ಓಡುತ್ತವೆ, ಕೆಲವು ಇನ್ನೂ ರೇಗುತ್ತವೆ. ಇನ್ನೊಬ್ಬರ ಕಿವಿ ಹತ್ತಿರ ಊದಬಾರದು, ಕಿವಿಗೆ ಪೆಟ್ಟಾಗುತ್ತದೆ.

ಕೊನೆಯದಾಗಿ, ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ. ಹೇಗೂ ಮಕ್ಕಳ ಗ್ರಾಮಸಭೆ ಮಾಡುತ್ತೀರಿ. ಈ ಸಲ ಅದರಲ್ಲಿ ಭಾಷಣ ಕಡಿಮೆ ಮಾಡಿ ಮಕ್ಕಳನ್ನೇ ಊರಾಚೆ ಕೆರೆ ಕಟ್ಟೆಗೆ ಕರೆದುಕೊಂಡು ಹೋಗಿ, ದಡದಲ್ಲಿ ದೊಡ್ಡವರು ಜೊತೆಗಿರಲಿ, ಒಬ್ಬರು ಅಲ್ಲಿ ಊದಲಿ, ಉಳಿದವರು ಊರಲ್ಲಿ ನಿಂತು ಎಲ್ಲೆಲ್ಲಿ ಕೇಳಿಸುತ್ತೆ, ಎಲ್ಲಿ ಕೇಳಿಸಲ್ಲ ಅಂತ ಗುರುತು ಮಾಡಲಿ. ಕೇಳಿಸದ ಜಾಗದ ಹೊಲದವರಿಗೆ ಮೊದಲು ವಿಷಲ್ ಕೊಡಿ, ಊದಿನ ಕರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು. ಊರು ಸುತ್ತುವ ನೀರುಗಂಟಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಕುರಿ ಕಾಯುವವರಿಗೆ, ಹಾಲಿನ ಡೈರಿಗೆ ಒಂದೊಂದು ಇರಲಿ. ಕಸದ ಗಾಡಿಯ ಮೈಕಿನಲ್ಲಿ ಒಂದು ವಾರ ಈ ಮೂರು ಊದಿನ ವಿಷಯ ಹೇಳಿಸಿ. ಗೋಲಿ ಇಲ್ಲದ ಸಾಧಾರಣ ವಿಷಲ್ ನೂರು ರೂಪಾಯಿಯೊಳಗೆ ಸಿಗುತ್ತದೆ, ಒಟ್ಟಿಗೆ ಕೊಂಡರೆ ಇನ್ನೂ ಕಡಿಮೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಇದು ಭಾರವಲ್ಲ, ಆಗದಿದ್ದರೆ ಹಾಲಿನ ಸಂಘದವರನ್ನು, ಶಾಲೆಯ ಎಸ್‌ಡಿಎಂಸಿ ಸಮಿತಿಯವರನ್ನು ಕೇಳಿ, ನಾವೂ ಕೈ ಜೋಡಿಸುತ್ತೇವೆ.

ಮಳೆಗಾಲ ಬರುವ ಮೊದಲು, ಹೊಂಡಗಳು ತುಂಬುವ ಮೊದಲು, ಇದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರಹದಲ್ಲಿ ಬರಲಿ. ನಿಮ್ಮ ಪಂಚಾಯಿತಿ ಯಾವ ತಾರೀಕಿಗೆ ಸಭೆ ಕರೆಯುತ್ತದೆ ಅಂತ ಪಿಡಿಒ ಅವರು ನೋಟಿಸ್ ಬೋರ್ಡಿನಲ್ಲಿ ಹಾಕಿಸಿ, ನಾನು ಬಂದು ಕೂರುತ್ತೇನೆ.

ಇಂತಿ,
ಕೋಲಾರ ತಾಲ್ಲೂಕಿನ ಒಬ್ಬ ರೈತ ಮಹಿಳೆ